ಪುಕ್ಕಲನ ಪಂಜರಗಳು

ಹೆದರಿಕೆಯ ಸಂಗತಿಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಒಂದು ಬೀದಿಯಲ್ಲಿ ಊರೆಲ್ಲ ನಡೆದು ಹೋದರೂ ಅಲ್ಲಿ ಮಲಗಿದ ನಾಯಿ ಏಳುವುದು ನನ್ನನ್ನು ಕಂಡಾಗ. ಹಸು ಕೊಂಬು ಆಡಿಸುವುದು ನಾನು ಪಕ್ಕದಲ್ಲಿ ಹಾಯುವಾಗ. ಇಂಥ ನಾನು ಒಂದಷ್ಟು ಕಾಲ ಪ್ರಾಣಿಗಳಿಗೆ ಪಂಜರ ಮಾಡುತ್ತಿದ್ದೆ ಎಂದರೆ ಜನ ನಗುತ್ತಾರೆ. ನಗುವಂಥದು ಏನಿದೆಯೋ ಗೊತ್ತಿಲ್ಲ. ಪ್ರಾಣಿ ಕಂಡರೆ ಹೆದರದವನಿಗೆ ಪಂಜರದ ಯೋಚನೆ ಬರುವುದಾದರೂ ಯಾಕೆ?

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ವಿಮಾನ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ರೆಕ್ಕೆಯ ಒಳಗೆ ಬರುವ ತಗಡುಗಳ ನಕ್ಷೆ ಬರೆಯುವುದು ಕೆಲಸ. ವಿಮಾನಪುರದ ಕ್ವಾರ್ಟರ್ಸಿನಲ್ಲಿ ನಮಗೆ ಆಗಷ್ಟೇ ಒಂದು ಮನೆ ಸಿಕ್ಕಿತ್ತು. ಅದಕ್ಕೆ ಮೊದಲು ನಾನೂ ಹೆಂಡತಿಯೂ ಹಲಸೂರಿನ ಒಂದು ವಠಾರದಲ್ಲಿ ಒಂದೇ ಕೋಣೆಯಲ್ಲಿದ್ದೆವು. ಅಲ್ಲಿ ನಲ್ಲಿಗೆ ಸರದಿ, ಬಚ್ಚಲಿಗೆ ಸರದಿ, ಜಗಳಕ್ಕೂ ಸರದಿ. ಕ್ವಾರ್ಟರ್ಸಿಗೆ ಬಂದ ದಿನ ಹೆಂಡತಿ ಬೇರೇನೂ ಮಾಡಲಿಲ್ಲ. ಸ್ವಂತ ಬಚ್ಚಲಿನ ಬಾಗಿಲನ್ನು ತೆಗೆದು, ಹಾಕಿ, ಮತ್ತೆ ತೆಗೆದು, ಹಾಕಿ ನೋಡುತ್ತಿದ್ದಳು.

ಆ ಮನೆಗಳಿಗೆ ಒಂದು ನಿಯಮವಿತ್ತು. ನಾಯಿ, ಬೆಕ್ಕು, ಕೋಳಿ, ಹಕ್ಕಿ, ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ ಮನೆ ಖಾಲಿ ಮಾಡಬೇಕು. ಇದನ್ನು ನೋಡಿಕೊಳ್ಳಲು ಒಬ್ಬ ಎಸ್ಟೇಟ್ ಆಫೀಸರಿದ್ದರು. ಭಾರೀ ಆಳು. ಅಡಿಪಾಯದಿಂದ ತಾರಸಿಯವರೆಗೆ ಆ ಮನೆಗಳನ್ನು ನಿಂತು ಕಟ್ಟಿಸಿದವರೂ ಅವರೇ. ಹಾಗಾಗಿ ನಾವು ಒಂದು ಮೊಳೆ ಹೊಡೆದರೂ ತಮ್ಮ ಮೈಗೇ ಹೊಡೆದಂತೆ ನೋಡುತ್ತಿದ್ದರು.

“ರೀ, ಈ ಮನೆ ಹೋದ್ರೆ ನೀವು ಹಲಸೂರಿಗೆ ಹೋಗಿ. ನಾನು ಬರಲ್ಲ, ಈಗಲೇ ಹೇಳಿದೀನಿ,” ಎಂದು ಹೆಂಡತಿ ಮೊದಲ ವಾರವೇ ತಿಳಿಸಿದ್ದಳು. ನನ್ನ ಭಯಗಳಲ್ಲಿ ಅನೇಕ ದರ್ಜೆಗಳಿವೆ. ಇದು ಮೊದಲನೆಯ ದರ್ಜೆಯದು.

ಮೊಲದ ಅಳತೆ

ಒಂದು ಭಾನುವಾರ ತರಕಾರಿಗೆಂದು ರಸೆಲ್ ಮಾರುಕಟ್ಟೆಗೆ ಹೋಗಿದ್ದೆ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಮೊಲ, ಬಿಳಿ ಇಲಿ, ಗಿನಿಪಿಗ್ಗು, ಕೌಜುಗ ಮಾರುವ ಒಬ್ಬ ಭಾಯಿಯ ಅಂಗಡಿ. ಅಂಗಡಿ ಎಂದರೆ ಎರಡು ಗೋಡೆಗಳ ನಡುವಿನ ಸಂದು. ಭಾಯಿ ಒಂದು ದಪ್ಪ ಮೊಲವನ್ನು ಕೌಜುಗದ ಪಂಜರದೊಳಕ್ಕೆ ತುರುಕುತ್ತಿದ್ದ. ಮೊಲದ ಮುಂದಿನ ಅರ್ಧ ಒಳಗೆ ಹೋಗಿತ್ತು, ಹಿಂದಿನ ಅರ್ಧ ಒಪ್ಪಿರಲಿಲ್ಲ.

ನಾನು ಸುಮ್ಮನೆ ಹೋಗಬಹುದಿತ್ತು. ವೃತ್ತಿಯ ಚಾಳಿ, ಬಾಯಿಬಿಟ್ಟೆ. “ಪಂಜರದ ಅಳತೆ ತಪ್ಪಿದೆ.”

ಭಾಯಿ ನನ್ನ ಮಣಿಕಟ್ಟು ಹಿಡಿದುಕೊಂಡ. “ನೀವು ಅಳತೆ ಗೊತ್ತಿರೋ ಜನಾನಾ ಸಾಬ್? ನೋಡಿ, ಜಾಗ ಇಷ್ಟೇ ಇದೆ. ಇವತ್ತು ಮೊಲ ಬರ್ತದೆ, ನಾಳೆ ಚೂಹಾ ಬರ್ತದೆ, ನಾಡಿದ್ದು ಏನು ಬರ್ತದೋ ಅಲ್ಲಾಗೆ ಗೊತ್ತು. ಒಂದೊಂದಕ್ಕೆ ಒಂದೊಂದು ಪಂಜರ ಇಟ್ರೆ ನಾನು ಎಲ್ಲಿ ಕೂರೋದು? ಒಂದೇ ಪಂಜರ, ಎಲ್ಲದಕ್ಕೂ ಆಗ್ಬೇಕು. ದೊಡ್ದು ಮಾಡಿದ್ರೆ ದೊಡ್ದು, ಸಣ್ದು ಮಾಡಿದ್ರೆ ಸಣ್ದು. ಬಿಚ್ಚಿದ್ರೆ ಗೋಡೆಗೆ ಒರಗಿಸೋಹಾಗೆ. ಮಾಡಿಕೊಡಿ.”

ನನಗೆ ಆಗುವುದಿಲ್ಲ ಎಂದು ಹೇಳಬೇಕಿತ್ತು. ಆದರೆ ಆಗುವುದಿಲ್ಲ ಎಂದು ಎದುರಿಗಿರುವವರಿಗೆ ಹೇಳುವುದೂ ನನ್ನ ಭಯಗಳಲ್ಲಿ ಒಂದು. ಅದು ಎರಡನೆಯ ದರ್ಜೆ. ತಲೆಯಾಡಿಸಿದೆ. ಅವನು ತಕ್ಷಣ ಮೊಲವನ್ನು ಎಳೆದು ನನ್ನ ಎದೆಗೆ ಒತ್ತಿ, “ಪಕಡೋ ಸಾಬ್, ಅಳತೆ ತಗೊಳ್ಳಿ,” ಎಂದ.

ಅದಕ್ಕೆ ಮೊದಲು ನಾನು ಯಾವ ಪ್ರಾಣಿಯನ್ನೂ ಎತ್ತಿಕೊಂಡವನಲ್ಲ. ಮೊಲ ಗಡಗಡ ನಡುಗುತ್ತಿತ್ತು. ನಾನೂ ನಡುಗುತ್ತಿದ್ದೆ. ಭಾಯಿಯೇ ಟೇಪು ಹಿಡಿದು ಉದ್ದ, ಅಗಲ, ಎತ್ತರ ಕೂಗಿ ಹೇಳಿದ. ಆಮೇಲೆ ಮನೆಯಲ್ಲಿ ಲೆಕ್ಕ ಹಾಕಿದಾಗ ಆ ಮೊಲ ಒಂದು ಆಡಿನ ಮರಿಯಷ್ಟಿತ್ತು. ಅಳತೆಯಲ್ಲಿ ಇಬ್ಬರ ನಡುಕವೂ ಸೇರಿಕೊಂಡಿತ್ತು.

ಭಾರ ಇಳಿಸುವ ತೂತು

ನಕ್ಷೆ ಬರೆದೆ. ಎಲ್ಲ ಗೋಡೆಗಳೂ ಒಂದೇ ಅಚ್ಚಿನವು, ಯಾವುದನ್ನು ಎಲ್ಲಿಗೆ ಬೇಕಾದರೂ ಸಿಕ್ಕಿಸಬಹುದು. ನಡುವೆ ಒಂದು ಅಡ್ಡತಗಡು, ಹಿಂದೆ ಮುಂದೆ ಸರಿಸಿದರೆ ಕೋಣೆ ದೊಡ್ಡದು ಚಿಕ್ಕದು ಆಗುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಅಲ್ಯುಮಿನಿಯಂ ತಗಡು ಕೊಂಡೆ. ಜೋಗುಪಾಳ್ಯದ ಒಬ್ಬ ತಗಡಿನ ಮೇಸ್ತ್ರಿಗೆ ಕೊಟ್ಟೆ. ಅವನು ನಕ್ಷೆ ನೋಡಿ “ರೊಂಬ ಅಳಗಾ ಇರುಕ್ಕು ಸಾರ್” ಎಂದು ಹೊಗಳಿ, ಗೆರೆ ತಪ್ಪದೆ ಮಾಡಿಕೊಟ್ಟ. ತಪ್ಪಿದ್ದರೆ ಚೆನ್ನಾಗಿತ್ತು.

ವಿಮಾನದ ಕೆಲಸದಲ್ಲಿ ಒಂದು ಪದ್ಧತಿಯಿದೆ. ತಗಡು ಯಾವುದೇ ಇರಲಿ, ಗಟ್ಟಿತನಕ್ಕೆ ತೊಂದರೆ ಇಲ್ಲದ ಕಡೆ ಗುಂಡಗೆ ತೂತು ಕೊರೆಯುತ್ತೇವೆ, ಭಾರ ಇಳಿಯಲಿ ಎಂದು. ತೂತಿನ ಅಂಚನ್ನು ನುಣ್ಣಗೆ ಮಡಿಸುತ್ತೇವೆ, ತಗಡು ಸೀಳದಿರಲಿ ಎಂದು. ನಮ್ಮ ಸೆಕ್ಷನ್ನಿನ ಮೇಲಿನವರು ಯಾವ ನಕ್ಷೆ ಕಂಡರೂ ಮೊದಲು ಕೇಳುತ್ತಿದ್ದುದು “ತೂತೆಲ್ರೀ?” ಎಂದು. ಅವರ ಭಯಕ್ಕೆ ನನ್ನ ಕೈ ತಾನಾಗಿಯೇ ತೂತು ಬರೆಯುತ್ತಿತ್ತು. ಪಂಜರದ ಅಡ್ಡತಗಡಿಗೂ ಬರೆದಿತ್ತು. ಅಡಿಯ ತಗಡಿಗೂ ಬರೆದಿತ್ತು.

ಭಾಯಿ ಪಂಜರವನ್ನು ಸುಮ್ಮನೆ ತೆಗೆದುಕೊಳ್ಳಲಿಲ್ಲ. “ಮೊದಲು ನಿಮ್ ಮನೇಲಿ ಇಟ್ಟು ನೋಡಿ ಸಾಬ್. ಅಲ್ಲಿ ಓಡ್ಹೋಗ್ಲಿಲ್ಲ ಅಂದ್ರೆ ನನ್ ದುಕಾನಲ್ಲೂ ಓಡ್ಹೋಗಲ್ಲ,” ಎಂದು ಬಿಳಿ ಇಲಿಗಳನ್ನು ಒಂದು ಡಬ್ಬಿಯಲ್ಲಿ ಕೊಟ್ಟು ಕಳಿಸಿದ. ಕಾಲೇಜುಗಳಿಗೆ ಹೋಗುವ ಇಲಿಗಳು. ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಇರಬೇಕು, ಅದು ಮುಖ್ಯ ಎಂದ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಪಕ್ಕದಲ್ಲಿದ್ದವರು, “ಏನ್ ಸ್ವೀಟಾ?” ಎಂದು ಕೇಳಿದರು. ಹೂಂ ಎಂದೆ. ಡಬ್ಬಿ ಕಿಚಕಿಚ ಎಂದಿತು. ಅವರು ಎದ್ದು ಬೇರೆ ಸೀಟಿಗೆ ಹೋದರು.

ಪಂಜರವನ್ನು ಅಡಿಗೆಮನೆಯಲ್ಲಿ ಎರಡು ಇಟ್ಟಿಗೆಗಳ ಮೇಲೆ ಇಟ್ಟು, ಹೆಂಡತಿಗೆ, “ಎರಡೇ ದಿನ,” ಎಂದೆ.

“ಆಫೀಸರಿಗೆ ಗೊತ್ತಾದ್ರೆ?”

“ಇಲಿ ನಿಯಮದಲ್ಲಿಲ್ಲ. ನಾಯಿ, ಬೆಕ್ಕು, ಕೋಳಿ, ಹಕ್ಕಿ ಅಂತ ಅಷ್ಟೇ ಇದೆ.”

“ಇಲಿ ಯಾಕಿಲ್ಲ ಅಂದ್ರೆ, ಇಲೀನ ಯಾರಾದ್ರೂ ಡಬ್ಬೀಲಿ ಹಾಕ್ಕೊಂಡು ಮನೆಗೆ ತರ್ತಾರೆ ಅಂತ ಅವರಿಗೆ ಹೊಳೆದಿರಲ್ಲ,” ಎಂದಳು.

ಬೆಳಿಗ್ಗೆ ಎದ್ದು ನೋಡಿದರೆ ಹೆಣ್ಣಿಲಿಗಳ ಕೋಣೆ ಖಾಲಿ. ಗಂಡಿಲಿಗಳ ಕೋಣೆಯೂ ಖಾಲಿ. ತೂತಿನ ಅಂಚು ನುಣ್ಣಗಿದ್ದುದರಿಂದ ಅಲ್ಲಿ ಒಂದು ಕೂದಲೂ ಸಿಕ್ಕಿಕೊಂಡಿರಲಿಲ್ಲ. ಬಚ್ಚಲಿನ ಮೂಲೆಯಲ್ಲಿ ಒಂದು ಬಿರುಕಿತ್ತು. ಅದರೊಳಗೆ ಒಂದು ಗುಲಾಬಿ ಬಣ್ಣದ ಬಾಲ ನಿಧಾನವಾಗಿ ಮರೆಯಾಗುತ್ತಿತ್ತು. ಹೆಂಡತಿ ಒರಳುಕಲ್ಲಿನ ಮೇಲೆ ನಿಂತಿದ್ದಳು. ನಾನೂ ಅಲ್ಲೇ ನಿಲ್ಲಲು ಹೋದೆ, ಜಾಗ ಕೊಡಲಿಲ್ಲ.

ಭಾಯಿಗೆ ಹೋಗಿ ವಿಷಯ ಹೇಳಿದೆ. ವಿಮಾನದ ಪದ್ಧತಿಯನ್ನೂ ವಿವರಿಸಿದೆ. ಅವನು ಸಿಟ್ಟಾಗಲಿಲ್ಲ. ಅಡ್ಡತಗಡನ್ನು ಎತ್ತಿ, ತೂತಿನ ಮೂಲಕ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ.

“ಹವಾಯಿ ಜಹಾಜು ಹಗುರ ಇರ್ಬೇಕು, ಸರಿ ಸಾಬ್. ಈ ಪಂಜರ ಎಲ್ಲಿಗೆ ಹಾರ್ಬೇಕು?”

ತಂತಿಯ ಉಪಯೋಗ

ಎರಡು ಮೂರು ತಿಂಗಳ ಮೇಲೆ ಭಾಯಿ ಹೇಳಿದ ಎರಡನೆಯ ಪಂಜರಕ್ಕೆ ತೂತು ಬರೆಯದಿರಲು ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಕೂತೆ. ಈ ಸಲ ಬಿಚ್ಚಿ ಜೋಡಿಸುವುದು ಸುಲಭವಾಗಲೆಂದು ಒಂದು ಉಪಾಯ ಮಾಡಿದ್ದೆ. ವಿಮಾನದ ಕೆಲವು ಮುಚ್ಚಳಗಳಿಗೆ ಉದ್ದನೆಯ ಕೀಲು ಇರುತ್ತದೆ. ಬೆರಳು ಹೆಣೆದಂತೆ ಎರಡು ತಗಡಿನ ಅಂಚು ಸೇರಿಸಿ ನಡುವೆ ಒಂದು ನೆಟ್ಟನೆಯ ತಂತಿ ತೂರಿಸಿದರೆ ಮುಗಿಯಿತು. ನನ್ನ ಪಂಜರದ ಗೋಡೆಗಳೆಲ್ಲ ಒಂದನ್ನೊಂದು ಹಿಡಿದು ನಿಂತಿದ್ದವು, ಕೊನೆಯ ಮೂಲೆಯನ್ನು ಒಂದೇ ಒಂದು ತಂತಿ ಹಿಡಿದಿತ್ತು. ಅದನ್ನು ಎಳೆದರೆ ಪಂಜರ ಹೂವಿನಂತೆ ನಾಲ್ಕೂ ಕಡೆಗೆ ಅರಳಿ ನೆಲಕ್ಕೆ ಮಲಗುತ್ತದೆ. ಇದು ನನಗೆ ಬಹಳ ಹೆಮ್ಮೆಯ ವಿಷಯವಾಗಿತ್ತು. ಹೆಮ್ಮೆ ಹೆಚ್ಚಾಗಿ ಹೆಂಡತಿಗೆ ಹೇಳಲು ಮರೆತೆ.

ಈ ಬಾರಿ ಗಿನಿಪಿಗ್ಗುಗಳು. ಪಂಜರ ಅಡಿಗೆಮನೆಯಲ್ಲಿ ಪರದೆಯ ಹಿಂದೆ. ಅಂದು ಶುಕ್ರವಾರ, ಹೆಂಡತಿ ನೆರೆಯ ಹೆಂಗಸರನ್ನು ಅರಿಸಿನ ಕುಂಕುಮಕ್ಕೆ ಕರೆದಿದ್ದಳು. ನಾನು ಕಾರ್ಖಾನೆಯಲ್ಲಿದ್ದೆ. ಅದು ಒಳ್ಳೆಯದೇ ಆಯಿತು, ಅಲ್ಲಿದ್ದಿದ್ದರೆ ಮೊದಲು ಮಂಚ ಹತ್ತುತ್ತಿದ್ದವನು ನಾನೇ.

ಹೆಂಗಸರು ಬಂದು ಕೂತ ಹೊತ್ತಿಗೆ ಸಿಂಕು ಕಟ್ಟಿಕೊಂಡಿತು. ಹೆಂಡತಿ ಚುಚ್ಚಲು ಏನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡಿದಳು. ಉದ್ದನೆಯ, ನೆಟ್ಟನೆಯ, ಗಟ್ಟಿ ತಂತಿ ಕಣ್ಣೆದುರಿಗೇ ಇತ್ತು. ಎಳೆದಳು.

ಪಂಜರ ಅರಳಿತು. ಶಬ್ದವೂ ಚೆನ್ನಾಗಿಯೇ ಬಂತಂತೆ, ಪಾತ್ರೆಯ ಶೆಲ್ಫು ಬಿದ್ದ ಹಾಗೆ. ಒಬ್ಬರು ಸಹಾಯಕ್ಕೆಂದು ಓಡಿಬಂದು ಪರದೆ ಸರಿಸಿದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಉಳಿದವರು.

ಗಿನಿಪಿಗ್ಗು ನನ್ನ ಜಾತಿಯ ಪ್ರಾಣಿ. ಹೆದರಿದರೆ ಓಡುವುದಿಲ್ಲ, ಇದ್ದಲ್ಲೇ ಕಲ್ಲಾಗುತ್ತದೆ. ನಾಲ್ಕು ಗೋಡೆ ಬಿದ್ದರೂ ಅವು ಅಡಿಯ ತಗಡಿನ ನಡುವೆ ಒತ್ತೊತ್ತಾಗಿ ಕೂತೇ ಇದ್ದವು, ಒಂದು ಹೆಜ್ಜೆ ಆಚೆ ಇಡಲಿಲ್ಲ. ಯಾವ ಗೋಡೆಯೂ ಇಲ್ಲದ ಹೆಂಗಸರು ಮಾತ್ರ ಒಬ್ಬರ ಮೇಲೊಬ್ಬರು ನಮ್ಮ ಮಂಚ ಹತ್ತಿ ಮೂಲೆಗೆ ಒತ್ತೊತ್ತಾಗಿ ನಿಂತರು. ಕೆಳಗಿನವು ಮೇಲಿನವರನ್ನು ನೋಡುತ್ತಿದ್ದವು. ಮೇಲಿನವರು ಕೆಳಗಿನವನ್ನು ನೋಡುತ್ತಿದ್ದರು.

ಹೋಗುವಾಗ ಎಲ್ಲರೂ ಹೆಂಡತಿಯ ಕೈ ಹಿಡಿದು, “ನಾವು ಯಾರಿಗೂ ಹೇಳಲ್ಲ ಕಣ್ರೀ, ನಿಮ್ಮನೆ ಹೋಗ್ಬಾರ್ದು,” ಎಂದು ಮಾತು ಕೊಟ್ಟರು.

ಸಂಜೆ ಕಾರ್ಖಾನೆಯ ಗೇಟಿನಲ್ಲಿ ಸೈಕಲ್ ತೆಗೆಯುತ್ತಿದ್ದಾಗ ಜೊತೆಯವನೊಬ್ಬ ನನ್ನ ಕಿವಿಯ ಹತ್ತಿರ ಬಂದ.

“ಗುರು, ನಿಮ್ ಸಾಲಲ್ಲಿ ಯಾರೋ ಕರಡಿ ಮರಿ ತಂದಿಟ್ಕೊಂಡಿದಾರಂತೆ. ಬಾಗಿಲು ಭದ್ರ ಮಾಡ್ಕೊಂಡು ಮಲ್ಕೋ.”

ಎಲ್ಲರೂ ಇಳಿದದ್ದು

ಗಿನಿಪಿಗ್ಗುಗಳನ್ನು ಮಾರನೆಯ ದಿನವೇ ಭಾಯಿಗೆ ಮುಟ್ಟಿಸಿದೆ. ಇನ್ನು ಈ ಸಹವಾಸ ಬೇಡ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಭಾಯಿ ಮಣಿಕಟ್ಟು ಹಿಡಿದ. “ಇನ್ನೊಂದೇ ಒಂದು ಸಾಬ್. ಛಾವಣಿ ಮೇಲೆ ಕೆಳಗೆ ಆಗೋದು. ಒಂದೇ ಕೈಯಲ್ಲಿ ಆಗ್ಬೇಕು, ಇನ್ನೊಂದ್ ಕೈಯಲ್ಲಿ ಜಾನ್ವರ್ ಇರ್ತದೆ.” ವಾಪಸು ಬರುವಾಗ ನನ್ನ ಚೀಲದಲ್ಲಿ ಆ ಹಳೆಯ ಮೊಲವಿತ್ತು.

ಮೂರನೆಯ ಪಂಜರ ನಿಜಕ್ಕೂ ಚೆನ್ನಾಗಿ ಬಂತು. ನಾಲ್ಕು ಮೂಲೆಗೆ ನಾಲ್ಕು ಕಂಬ. ಕೊಳವೆಯೊಳಗೆ ಕೊಳವೆ, ಉದ್ದಕ್ಕೂ ತೂತುಗಳು, ತೂತಿಗೆ ಬಂದು ಕೂರುವ ಸ್ಪ್ರಿಂಗಿನ ಪಿನ್ನು. ಒತ್ತಿದರೆ ಛಾವಣಿ ಒಂದು ತೂತು ಕೆಳಗೆ ಇಳಿದು ‘ಟಕ್’ ಎಂದು ನಿಲ್ಲುತ್ತದೆ. ಒಂದು ಮೂಲೆ ಇಳಿದು ಇನ್ನೊಂದು ಮೂಲೆ ನಿಂತರೆ ಪಂಜರ ವಾರೆಯಾಗುತ್ತದಲ್ಲ, ಅದಕ್ಕೆ ವಿಮಾನದ ರೆಕ್ಕೆಯಲ್ಲಿ ಮಾಡುವಂತೆ ನಾಲ್ಕೂ ಪಿನ್ನುಗಳಿಗೆ ಒಂದೇ ತಂತಿ ಕಟ್ಟಿದ್ದೆ. ಛಾವಣಿಯ ಮೇಲೆ ತುಂಬಿದ ಲೋಟವಿಟ್ಟು ಇಳಿಸಿದರೂ ನೀರು ತುಳುಕುತ್ತಿರಲಿಲ್ಲ. ಮೊಲಕ್ಕೆ ಅಪಾಯವಾಗದಂತೆ ಅದರ ಕಿವಿಯ ಮಟ್ಟಕ್ಕೆ ಒಂದು ತಡೆಯನ್ನೂ ಇಟ್ಟಿದ್ದೆ. ಮೊಲ ಒಳಗಿಂದ ಜಿಗಿದರೆ ಛಾವಣಿ ಎಷ್ಟು ತಡೆಯಬೇಕು ಎಂದು ಲೆಕ್ಕ ಹಾಕಿದ್ದೆ. ಹೊರಗಿಂದ ಯಾರಾದರೂ ಕೂತರೆ ಎಂಬ ಲೆಕ್ಕ ಹಾಕಿರಲಿಲ್ಲ. ಪಂಜರದ ಮೇಲೆ ಯಾರು ಕೂರುತ್ತಾರೆ?

ಪಂಜರ ಸಿದ್ಧವಾದ ವಾರದ ಭಾನುವಾರ ಬೆಳಿಗ್ಗೆ ಎಸ್ಟೇಟ್ ಆಫೀಸರು ಬೆತ್ತ ಹಿಡಿದು ನಮ್ಮ ಸಾಲಿಗೆ ಬಂದರು. ಕರಡಿಯ ಸುದ್ದಿ ಅವರನ್ನೂ ಮುಟ್ಟಿತ್ತು. ಹೆಂಡತಿ ಕಿಟಕಿಯಿಂದ ನೋಡಿ, “ಬಂದ್ರು!” ಎಂದಳು. ಪಂಜರವನ್ನು ಹಿತ್ತಲಿಗೆ ಒಯ್ಯಲು ಹೊತ್ತಿರಲಿಲ್ಲ. ಛಾವಣಿಯನ್ನು ತುದಿಯವರೆಗೆ ಏರಿಸಿ, ಮೇಲೆ ಜಮಖಾನ ಹೊದಿಸಿ, ಅದರ ಮೇಲೆ ಒಂದು ದಿಂಬಿಟ್ಟಳು. ನೋಡಿದರೆ ಮುದ್ದಾದ ಒಂದು ಸ್ಟೂಲು.

“ಏನೂ ತಪ್ಪು ತಿಳ್ಕೋಬೇಡ್ರೀ, ಎಲ್ಲಾ ಮನೇನೂ ನೋಡ್ತಾ ಇದೀನಿ,” ಎಂದು ಆಫೀಸರು ಒಳಗೆ ಬಂದರು. ಅವರೂ ಸ್ವಲ್ಪ ಹೆದರಿದ್ದರು ಎಂದು ಕಂಡಿತು. ಬಚ್ಚಲಿನ ಬಾಗಿಲನ್ನು ದೂರದಿಂದ ಬೆತ್ತದಲ್ಲಿ ತಳ್ಳಿ, ಒಂದು ಹೆಜ್ಜೆ ಹಿಂದೆ ನಿಂತು, ಆಮೇಲೆ ಇಣುಕಿದರು. ಮಂಚದ ಕೆಳಗೆ ಬಗ್ಗಿ ನೋಡಿದರು. ಎದ್ದಾಗ ಏದುಸಿರು. “ಎಂಥೆಂಥಾ ಪುಕಾರು ಹಬ್ಬಿಸ್ತಾರೆ ಜನ,” ಎನ್ನುತ್ತ, ನಾನು ಬೆತ್ತದ ಕುರ್ಚಿಯನ್ನು ಎಳೆಯುವಷ್ಟರಲ್ಲಿ ದಿಂಬಿನ ಮೇಲೆ ಕೂತುಬಿಟ್ಟರು.

ಹೆಂಡತಿ ಕಾಫಿ ಹಿಡಿದು ಅಡಿಗೆಮನೆಯ ಬಾಗಿಲಲ್ಲೇ ನಿಂತಳು.

“ಎಷ್ಟ್ ವರ್ಷ ಆಯ್ತು ಸರ್ವೀಸು?” ಎಂದರು ಆಫೀಸರು.

ಟಕ್.

ಒಂದು ತೂತು. ಒಂದಿಷ್ಟೂ ವಾರೆಯಾಗದೆ, ನೀರು ತುಳುಕದಂತೆ ಇಳಿದರು. ಅವರ ಕಣ್ಣು ಈಗ ನನ್ನ ಮುಖಕ್ಕಿಂತ ಇನ್ನಷ್ಟು ಕೆಳಗಿತ್ತು. ಇದು ಅವರಿಗೆ ಗೊತ್ತಾಗಬಾರದು ಎಂದು ನಾನು ಮೊಣಕಾಲನ್ನು ಸ್ವಲ್ಪ ಬಗ್ಗಿಸಿ ಅಷ್ಟೇ ಇಳಿದೆ. ಸಾಹೇಬರ ಮುಂದೆ ಬಗ್ಗುವುದು ನನಗೆ ಹೇಗೂ ಅಭ್ಯಾಸ.

“ಹತ್ತಿರ ಹತ್ತಿರ ಹತ್ತು ಸಾರ್,” ಎಂದೆ.

ಟಕ್.

ಅವರು ಇಳಿದರು. ನಾನೂ ಇಳಿದೆ. ಹೆಂಡತಿ ಬುದ್ಧಿವಂತೆ, ತಕ್ಷಣ ಅರ್ಥ ಮಾಡಿಕೊಂಡು ಬಾಗಿಲಲ್ಲಿ ಕಾಫಿಯ ಸಮೇತ ಅವಳೂ ಇಳಿದಳು.

ಆಫೀಸರು ನನ್ನನ್ನು ನೋಡಿದರು, ಅದೇ ಮಟ್ಟ. ಹೆಂಡತಿಯನ್ನು ನೋಡಿದರು, ಅದೇ ಮಟ್ಟ. ಕಿಟಕಿಯ ಹೊರಗೆ ನೋಡಿದರು.

“ಆ ಬೇಲಿ ಮೇಲೆ ಒಂದು ಕೆಂಪು ಸೀರೆ ಒಣಗಿಹಾಕಿತ್ತಲ್ರೀ?”

“ಈಗಲೂ ಇದೆ ಸಾರ್.”

“ನನಗೆ ಕಾಣಿಸ್ತಿಲ್ಲ.”

ನಾನು ಮೊಣಕಾಲು ಬಗ್ಗಿಸಿದ ಮಟ್ಟದಿಂದ ನೋಡಿದೆ. “ನನಗೂ ಕಾಣಿಸ್ತಿಲ್ಲ ಸಾರ್.”

ಅವರ ಮುಖದ ಬಣ್ಣ ಬದಲಾಯಿತು. ಟಕ್. ಮೂವರೂ ಇಳಿದೆವು. ಟಕ್. ಮತ್ತೆ ಇಳಿದೆವು. ಈಗ ನಾನು ಕಕ್ಕಸಿನಲ್ಲಿ ಕೂತವನಂತೆ ಅವರೆದುರು ಕೂತಿದ್ದೆ. ಹೆಂಡತಿ ಬಾಗಿಲಲ್ಲಿ ಅದೇ ಭಂಗಿಯಲ್ಲಿ ಕಾಫಿಯನ್ನು ಮುಂದಕ್ಕೆ ಚಾಚಿದ್ದಳು. ಕಿಟಕಿಯಲ್ಲಿ ಬೇಲಿ ಹೋಗಿ, ಎದುರು ಮನೆಯ ಗೋಡೆ ಹೋಗಿ, ಆಕಾಶ ಮಾತ್ರ ಉಳಿದಿತ್ತು.

ಛಾವಣಿ ತಡೆಗೆ ಬಂದು ನಿಂತಿತು. ಮೊಲಕ್ಕೆ ಅದುವರೆಗೆ ಸೈರಣೆಯಿತ್ತು. ಹೆದರಿದ ಮೊಲ ಹಿಂಗಾಲಿನಿಂದ ನೆಲವನ್ನು ಗುದ್ದುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು. ಸಾಹೇಬರ ಅಡಿಯಿಂದ, ನೆಲದೊಳಗಿಂದ ಬಂದಂತೆ ಕೇಳಿಸಿತು.

ಧಬ್. ಧಬ್. ಧಬ್.

“ಅಡಿಪಾಯ!” ಎಂದು ಆಫೀಸರು ಚೀರಿದರು. “ಏಳ್ರೀ! ಎಲ್ರೂ ಹೊರಗೆ! ಮನೆ ಕೂತ್ಕೋತಾ ಇದೆ!”

ಅಷ್ಟು ಭಾರದ ಮನುಷ್ಯ ಅಷ್ಟು ಬೇಗ ಓಡಬಲ್ಲರು ಎಂದು ಊಹಿಸಿರಲಿಲ್ಲ. ನಾನು ಹಿಂದೆಯೇ ಓಡಿದೆ, ನನಗೂ ಒಂದು ಕ್ಷಣ ಮನೆ ಕೂರುತ್ತಿದೆ ಎಂದೇ ಅನಿಸಿತ್ತು. ಹೆಂಡತಿ ಕೊನೆಯಲ್ಲಿ ಜಮಖಾನದ ಸಮೇತ ‘ಸ್ಟೂಲನ್ನು’ ತಬ್ಬಿಕೊಂಡು ಬಂದಳು.

“ಸಾಮಾನು ಬಿಡ್ರಮ್ಮ, ಜೀವ ಮುಖ್ಯ!” ಎಂದರು ಆಫೀಸರು. ಅವಳು ತಬ್ಬಿಕೊಂಡಿದ್ದೂ ಅದನ್ನೇ.

ಬೀದಿಯಲ್ಲಿ ನಿಂತು ಅವರು ನನ್ನ ಭುಜ ಹಿಡಿದರು. ಆ ಜಾಗ ಹಿಂದೆ ಒಂದು ನೀರಿನ ಕುಂಟೆಯಾಗಿತ್ತಂತೆ, ಮಣ್ಣು ತುಂಬಿಸಿ ಕಟ್ಟಿಸಿದ್ದು ಅವರೇ. “ಯಾರ್ಗೂ ಹೇಳ್ಬೇಡಿ. ನಿಮಗೆ ಬೇರೆ ಮನೆ ಕೊಡಿಸ್ತೀನಿ. ಇವತ್ತೇ. ದೊಡ್ಡದು.” ನನಗೆ ಆಗುವುದಿಲ್ಲ ಎಂದು ಯಾರಿಗೂ ಹೇಳಿ ಅಭ್ಯಾಸವಿಲ್ಲ.

ಸಂಜೆಯ ಹೊತ್ತಿಗೆ ನಾವು ಆ ಮನೆ ಕಳೆದುಕೊಂಡು ಸಾಲಿನ ಕೊನೆಯ ದೊಡ್ಡ ಮನೆಗೆ ಹೋಗಿದ್ದೆವು. ಹಿತ್ತಲಿದೆ, ಹಿತ್ತಲಲ್ಲಿ ಒಂದು ಶೆಡ್ಡೂ ಇದೆ. ಹೆಂಡತಿ ಮೊದಲು ಬಚ್ಚಲಿನ ಬಾಗಿಲನ್ನು ತೆಗೆದು, ಹಾಕಿ ನೋಡಿದಳು. ಆಮೇಲೆ ಶೆಡ್ಡಿನ ಬಾಗಿಲನ್ನು ಮೊಲಕ್ಕೆ ತೆಗೆದು, ಹಾಕಿ ತೋರಿಸಿದಳು.

ಆಫೀಸರು ಹಳೆಯ ಮನೆಯ ನೆಲ ಅಗೆಸಿದರು. ನಾನು ಒಂದು ಕಡೆ ನಿಂತಿದ್ದೆ. ಅಡಿಪಾಯ ಕಲ್ಲಿನಂತಿತ್ತು. ಆದರೆ ಬಚ್ಚಲಿನ ಕೆಳಗೆ ಹಾರೆ ಇಟ್ಟ ಕೂಡಲೇ ಬಿಳಿ ಇಲಿಗಳು ಹೊರಬಂದವು. ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಗುಂಪು ಗುಂಪಾಗಿ, ಬಿಸಿಲಿಗೆ ಕೆಂಪು ಕಣ್ಣು ಕಿರಿದು ಮಾಡಿಕೊಂಡು. ನಾನು ಮೆಲ್ಲಗೆ ಹಿಂದೆ ಸರಿದೆ.

ಆಫೀಸರ ಮುಖ ಅರಳಿತು. “ನೋಡಿದ್ರಾ? ಕಟ್ಟಡದ ತಪ್ಪಲ್ಲ! ಇಲಿ ಕೊರೆದು ಕೊರೆದು ನೆಲ ಇಳಿಸಿಬಿಟ್ಟಿವೆ!” ಎಂದರು. ಒಬ್ಬ ಕೂಲಿಯವನು ಇವು ಬಿಳಿ ಯಾಕಿವೆ ಎಂದು ಕೇಳಿದ. “ಬಿಸಿಲು ಕಾಣದೆ ಎಷ್ಟು ವರ್ಷದಿಂದ ಒಳಗಿದ್ವೋ ಏನೋ, ಬಿಳುಚಿಕೊಂಡಿವೆ,” ಎಂದು ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಮರುಕದಿಂದ ಕೇಳಿದರು.

“ಇಂಥಾ ಮನೇಲಿ ಇಷ್ಟು ದಿನ ಹೇಗಿದ್ರಿ? ಒಂದು ದಿನಾನೂ ಹೆದರಿಕೆ ಆಗ್ಲಿಲ್ವೇನ್ರೀ?”

“ದಿನಾ ಆಗ್ತಿತ್ತು ಸಾರ್,” ಎಂದೆ.

ಆ ಮನೆಯ ಬಗ್ಗೆ ಅವರಿಗೆ ನಾನು ಹೇಳಿದ ನಿಜ ಅದೊಂದೇ. ಅದನ್ನು ಅವರು ನಂಬಲಿಲ್ಲ. ಬೆನ್ನು ತಟ್ಟಿ, “ಧೈರ್ಯಸ್ಥರು!” ಎಂದರು.